ಅದ್ಭುತ, ಭಯಾನಕ ಮತ್ತು ನಮ್ಮ ಮಕ್ಕಳ ಓದು



ವಾರ್ಷಿಕೋತ್ಸವದ ದಿನ ಕನ್ನಡ ಸಂಘದ ವೇದಿಕೆಯ ಮೇಲೆ ನಿಂತವರು ನಾಡಿನ ಪ್ರಾಚೀನ ವೈಭವವನ್ನು ಕುರಿತು ಮಾತನಾಡುವುದು ರೂಢಿ. ಕವಿರಾಜಮಾರ್ಗದಲ್ಲಿ ಕನ್ನಡ ನಾಡಿನ ಎಲ್ಲೆ ಗೋದಾವರಿಯವರೆಗೆ ಹೇಳಲ್ಪಟ್ಟಿದೆಯೆಂದೂ, ರಾಷ್ಟ್ರಕೂಟರು ತಮ್ಮನ್ನು ಲತ್ತಲೂರಿನವರು, ಎಂದರೆ ನಮ್ಮ ಈ ಲಾತೂರಿನವರು, ಎಂದು ಹೆಮ್ಮೆಯಿಂದ ಕರೆದುಕೊಂಡರೆಂದೂ ನಾವು ಇಂಥ ವೇದಿಕೆಗಳಿಂದ ಹಲವು ಸಲ ಕೇಳಿದ್ದೇವೆ, ಕೇಳಿ ಹಿಗ್ಗಿದ್ದೇವೆ. ಈ ದಿನ ನಾವು ಆ ಮಾತನ್ನು ಎತ್ತುವುದಿಲ್ಲ. ವಿಜ್ಞಾನದ ಕಲ್ಪನೆಯಿಂದ ಹುಟ್ಟಿದ ಕಥೆಗಳನ್ನೂ, ದೆವ್ವ ಭೂತಗಳ ಭಯಾನಕ ಕಥೆಗಳನ್ನೂ ಕುರಿತು ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇವೆ. ಇಂಥ ಸಮಾರಂಭಕ್ಕೆ ಇದು ತಕ್ಕ ವಿಷಯವೇ ಎಂದು ಹಿರಿಯರು ಕೇಳಬಹುದು. ಅವರ ಸಂಶಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ಮಾತನ್ನು ಆಡದೆ ಇರಲಾರೆವು. ಏಕೆಂದರೆ ನಮ್ಮ ಮೇಲೆ ಒಂದು ಹಳೆಯ ಸಾಲವಿದೆ. ಮೊದಲು ಅದನ್ನೇ ಹೇಳಿಬಿಡುತ್ತೇವೆ.

ನಾವು ಚಿಕ್ಕವರಿದ್ದಾಗ, ಉದಗೀರಕ್ಕೆ ಹೆಚ್ಚು ದೂರವಲ್ಲದ ಒಂದು ಹಳ್ಳಿಯಲ್ಲಿ, ನಮ್ಮ ಓಣಿಯ ಒಂದು ಮನೆಯ ಮಾಳಿಗೆಯ ಮೇಲೆ ಸಂಜೆಯಾದೊಡನೆ ಕಲ್ಲುಗಳು ಬೀಳತೊಡಗಿದುವು. ಒಂದು ದಿನ ಒಣಹಾಕಿದ್ದ ಸೀರೆಯ ಸೆರಗು ಸುಟ್ಟಿತು. ಊರೆಲ್ಲ ಒಂದೇ ಬಾಯಿಂದ 'ಭಾನಾಮತಿ' ಎಂದಿತು. ಭಾನಾಮತಿ ತಾನಾಗಿ ಬರುವುದಿಲ್ಲ, ಯಾರೋ ಮಾಡಿಸಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ಮಾಡಿಸಿದವರು ಯಾರು? ಓಣಿಯ ಕೊನೆಯಲ್ಲಿ ಒಬ್ಬ ವಿಧವೆ ಇದ್ದಳು. ಮಕ್ಕಳಿಲ್ಲ, ಹಿಂದೆ ಮುಂದೆ ಕೇಳುವವರಿಲ್ಲ. ಒಂದು ಎಮ್ಮೆ ಕಟ್ಟಿಕೊಂಡು ಮಜ್ಜಿಗೆ ಮಾರಿ ಹೊಟ್ಟೆ ಹೊರೆಯುತ್ತಿದ್ದಳು. ಎಲ್ಲರ ಕಣ್ಣೂ ಆಕೆಯ ಮೇಲೆ ಬಿತ್ತು. ಮಜ್ಜಿಗೆ ಕೊಳ್ಳುವುದು ನಿಂತಿತು. ಆಕೆ ಬಾವಿಗೆ ಬಂದರೆ ಉಳಿದ ಹೆಂಗಸರು ಅರೆತುಂಬಿದ ಕೊಡವನ್ನೇ ಎತ್ತಿಕೊಂಡು ಹೊರಟುಬಿಡುತ್ತಿದ್ದರು. 'ಬಾ ಮಗಾ' ಎಂದು ಕರೆದು ನಮ್ಮ ಅಂಗೈಗೆ ಬೆಲ್ಲ ಹಾಕುತ್ತಿದ್ದ ಆ ಅಜ್ಜಿಯನ್ನು ಕಂಡು ನಾವು ಹುಡುಗರೂ ಓಡಿಹೋಗುತ್ತಿದ್ದೆವು. ಮೂರು ತಿಂಗಳಿಗೆ ಆಕೆ ಎಮ್ಮೆಯನ್ನು ಮಾರಿ, ಗಂಟು ಕಟ್ಟಿಕೊಂಡು ಊರು ಬಿಟ್ಟಳು.

ಮುಂದಿನ ಬೇಸಗೆಯಲ್ಲಿ ಗುಟ್ಟು ಹೊರಬಿದ್ದಿತು. ಕಲ್ಲು ಹೊಡೆಯುತ್ತಿದ್ದವನು ಆ ಮನೆಯ ಹುಡುಗನೇ! ಶಾಲೆ ಬಿಡಿಸಿ ಹೊಲದ ಕೆಲಸಕ್ಕೆ ಹಚ್ಚಿದ ಸಿಟ್ಟಿನಿಂದ, ಹುಣಸೆಯ ಮರದ ಮರೆಯಲ್ಲಿ ನಿಂತು ಕವಣೆ ಬೀಸುತ್ತಿದ್ದನಂತೆ. ಸೀರೆಗೆ ಬೆಂಕಿ ಕಡ್ಡಿ ಹಚ್ಚಿದವನೂ ಅವನೇ. ಊರು ಹೊಟ್ಟೆ ತುಂಬ ನಕ್ಕಿತು. ಹುಡುಗನಿಗೆ ನಾಲ್ಕು ಏಟು ಬಿದ್ದುವು. ಆದರೆ ಆ ಅಜ್ಜಿಯನ್ನು ಕರೆತರಲು ಯಾರೂ ಹೋಗಲಿಲ್ಲ. ನಮ್ಮ ಮನೆಯವರೂ ಹೋಗಲಿಲ್ಲ.

ಮಹನೀಯರೇ, ಆ ಭಯ ನಮಗೆ ಯಾವ ಭಾಷೆಯಲ್ಲಿ ಬಂದಿತು? ಕನ್ನಡದಲ್ಲಿ ಬಂದಿತು. ಶಾಲೆಯ ಭಾಷೆ, ಪೇಟೆಯ ಭಾಷೆ, ಕಚೇರಿಯ ಭಾಷೆ ಯಾವುದೇ ಇರಲಿ, ನಮ್ಮ ಮನೆಗಳಲ್ಲಿ ದೆವ್ವ ಮಾತನಾಡುವುದು ಕನ್ನಡವನ್ನೇ. 'ಗಾಳಿ ಸೋಕೀತು', 'ಹೊತ್ತು ಮುಳುಗಿದ ಮೇಲೆ ಆ ಮರದ ಕೆಳಗೆ ಹೋಗಬೇಡ' ಎಂಬ ಮಾತುಗಳು ತಾಯಿಯ ಮಡಿಲಿನಲ್ಲಿ, ತಾಯಿಯ ನುಡಿಯಲ್ಲಿಯೇ ಕಿವಿಗೆ ಬೀಳುತ್ತವೆ. ಭಯ ಕನ್ನಡದಲ್ಲಿ ಬಂದ ಮೇಲೆ ಅದಕ್ಕೆ ಉತ್ತರವೂ ಕನ್ನಡದಲ್ಲಿಯೇ ಬರಬೇಕು. ಪರಭಾಷೆಯ ಪಾಠಪುಸ್ತಕದಲ್ಲಿ ಕಲಿತ ವಿಜ್ಞಾನ ಪರೀಕ್ಷೆಯ ಕೊಠಡಿಯವರೆಗೆ ನಮ್ಮ ಜೊತೆಗೆ ಬರುತ್ತದೆ. ಕತ್ತಲೆಯ ಓಣಿಯವರೆಗೆ ಬರುವುದಿಲ್ಲ. ಈ ದಿನ ನಾವು ಹೇಳಬೇಕೆಂದಿರುವುದು ಇದೊಂದೇ ಮಾತು. ಉಳಿದುದೆಲ್ಲ ಇದರ ವಿವರಣೆ.

ಅದ್ಭುತ, ಭಯಾನಕ ಎಂಬುವು ನಮ್ಮ ಲಾಕ್ಷಣಿಕರಿಗೆ ಹೊಸವಲ್ಲ. ಭರತಮುನಿ ಎಣಿಸಿದ ಎಂಟು ರಸಗಳಲ್ಲಿ ಅವೆರಡೂ ಇವೆ. ವಿಸ್ಮಯವು ಅದ್ಭುತಕ್ಕೆ ಮೂಲ. ಭಯವು ಭಯಾನಕಕ್ಕೆ ಮೂಲ. ಇಂದಿನ ವಿಜ್ಞಾನ ಕಥೆಯನ್ನು ಅದ್ಭುತದ ಸಂತಾನವೆಂದೂ, ದೆವ್ವದ ಕಥೆಯನ್ನು ಭಯಾನಕದ ಸಂತಾನವೆಂದೂ ಕರೆದರೆ ತಪ್ಪಾಗದು. ಇವೆರಡೂ ಒಂದೇ ಮನೆಯ ಮಕ್ಕಳು ಎಂಬುದಕ್ಕೆ ಪಶ್ಚಿಮ ದೇಶದ ಒಂದು ಚರಿತ್ರೆಯಿದೆ. 1815ರಲ್ಲಿ, ಇಂದಿನ ಇಂಡೊನೇಷ್ಯಕ್ಕೆ ಸೇರಿದ ತಂಬೋರಾ ಎಂಬ ಅಗ್ನಿಪರ್ವತ ಸಿಡಿದು, ಅದರ ಧೂಳು ಆಕಾಶಕ್ಕೇರಿ ಬಿಸಿಲನ್ನು ಮಸುಕುಮಾಡಿತು. ಮರುವರ್ಷ, ಎಂದರೆ 1816ರಲ್ಲಿ, ಯುರೋಪಿನಲ್ಲಿ ಬೇಸಗೆಯೇ ಬಾರದಂತಾಯಿತು. ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ ಮಳೆಗೆ ಸಿಕ್ಕಿಬಿದ್ದ ಕೆಲವು ಗೆಳೆಯರು, ಬೇಸರ ಕಳೆಯಲು ಒಬ್ಬೊಬ್ಬರೂ ಒಂದೊಂದು ದೆವ್ವದ ಕಥೆ ಬರೆಯಬೇಕೆಂದು ಪಂಥ ಕಟ್ಟಿದರು. ಅವರಲ್ಲಿ ಹದಿನೆಂಟು ವರ್ಷದ ಮೇರಿ ಶೆಲ್ಲಿ ಎಂಬ ಹೆಣ್ಣುಮಗಳು ಬರೆಯಲಾರಂಭಿಸಿದ ಕಥೆಯೇ 1818ರಲ್ಲಿ ಅಚ್ಚಾದ 'ಫ್ರಾಂಕನ್‌ಸ್ಟೈನ್'. ಹೆಣದ ಭಾಗಗಳನ್ನು ಕೂಡಿಸಿ ಜೀವ ತುಂಬಿದ ಒಬ್ಬ ವಿಜ್ಞಾನಿಯ ಕಥೆ ಅದು. ವಿಜ್ಞಾನ ಕಥೆಗಳ ಸಾಲಿನಲ್ಲಿ ಅದನ್ನೇ ಮೊದಲನೆಯದೆಂದು ಹಲವರು ಎಣಿಸುತ್ತಾರೆ. ಅದೇ ಕೂಟದಲ್ಲಿದ್ದ ಪೊಲಿಡೋರಿ ಎಂಬ ವೈದ್ಯನು ಬರೆದ, 1819ರಲ್ಲಿ ಬೆಳಕಿಗೆ ಬಂದ ಕಥೆಯಿಂದ ರಕ್ತ ಹೀರುವ ಪಿಶಾಚಿಗಳ ವಂಶ ಇಂಗ್ಲಿಷ್ ಕಥೆಗಳಲ್ಲಿ ಬೆಳೆಯಿತು. 1897ರ 'ಡ್ರಾಕುಲಾ' ಆ ವಂಶದ್ದೇ. ಒಂದೇ ಸೂರಿನ ಕೆಳಗೆ, ಒಂದೇ ಮಳೆಯಲ್ಲಿ ಇಬ್ಬರೂ ಹುಟ್ಟಿದರು ಎನ್ನಬೇಕು.

ಭಾರತೀಯರು ಈ ಕ್ಷೇತ್ರಕ್ಕೆ ತಡವಾಗಿ ಬಂದವರೇನೂ ಅಲ್ಲ. ಸಸ್ಯಗಳ ಸ್ಪಂದನವನ್ನು ಅಳೆದ ಜಗದೀಶಚಂದ್ರ ಬೋಸರು 1896ರಲ್ಲಿ ಬಂಗಾಳಿಯಲ್ಲಿ ಒಂದು ಕಥೆ ಬರೆದರು. ಕಲ್ಕತ್ತೆಯ ಮೇಲೆ ಎರಗಬೇಕಾಗಿದ್ದ ಚಂಡಮಾರುತವೊಂದು ಮಾಯವಾಗುತ್ತದೆ. ಹಡಗಿನಲ್ಲಿದ್ದ ಪ್ರಯಾಣಿಕನೊಬ್ಬ ಸಮುದ್ರಕ್ಕೆ ಸುರಿದ ತಲೆಗೂದಲಿನ ಎಣ್ಣೆಯೇ ಅದಕ್ಕೆ ಕಾರಣ! ತಮಾಷೆಯೆಂದರೆ, ಆ ಕಥಾಸ್ಪರ್ಧೆಯನ್ನು ಏರ್ಪಡಿಸಿದ್ದುದು 'ಕುಂತಲೀನ' ಎಂಬ ಕೂದಲೆಣ್ಣೆಯ ತಯಾರಕರು. ಬಹುಮಾನವೂ ಬೋಸರಿಗೇ ಬಂದಿತು. ಫ್ರಾನ್ಸಿನ ಜೂಲ್ಸ್ ವರ್ನ್ ಸೃಷ್ಟಿಸಿದ ಜಲಾಂತರ್ನೌಕೆಯ ನಾಯಕ ಕ್ಯಾಪ್ಟನ್ ನೆಮೋ ಕೂಡ ಬುಂದೇಲಖಂಡದ ರಾಜಕುಮಾರ, ನಮ್ಮ ಟೀಪೂ ಸುಲ್ತಾನನ ಸಂಬಂಧಿ, ಎಂದು 'ನಿಗೂಢ ದ್ವೀಪ'ದ ಕಥೆಯಲ್ಲಿ ಹೊರಬೀಳುತ್ತದೆ. ಇದನ್ನು ತಿಳಿದ ಕನ್ನಡದ ಹುಡುಗನು ಆ ಪುಸ್ತಕವನ್ನು ಪರದೇಶದ್ದೆಂದು ಬದಿಗಿಡಲಾರ.

ಇನ್ನು ನಮ್ಮ ಹಳೆಯ ಕನ್ನಡಕ್ಕೆ ಬರೋಣ. ದೆವ್ವದ ಕಥೆ ಕೀಳು ಸಾಹಿತ್ಯವೆಂದು ಹೇಳುವವರು ರನ್ನನ ಗದಾಯುದ್ಧವನ್ನು ನೆನೆಯಬೇಕು. ತನ್ನವರೆಲ್ಲರನ್ನೂ ಕಳೆದುಕೊಂಡ ದುರ್ಯೋಧನನು ಹೆಣಗಳ ನಡುವೆ ನಡೆದು ಬರುವಾಗ ರಣರಂಗದ ಮರುಳುಗಳು ಅವನನ್ನು ಮೂದಲಿಸುತ್ತವೆ. ಚಕ್ರವರ್ತಿಯ ಮುಖಕ್ಕೆ ಸತ್ಯವನ್ನು ಹೇಳುವ ಧೈರ್ಯ ಆ ಹೊತ್ತಿನಲ್ಲಿ ಪಿಶಾಚಿಗಳಿಗಲ್ಲದೆ ಮತ್ತಾರಿಗಿದ್ದೀತು? 1209ರಲ್ಲಿ ಜನ್ನನು ಬರೆದ ಯಶೋಧರ ಚರಿತೆಯನ್ನು ನೋಡಿರಿ. ಮಾರಿಯ ಗುಡಿ, ಬಲಿಗಾಗಿ ತಂದು ನಿಲ್ಲಿಸಿದ ಎಳೆಯ ಅಣ್ಣತಂಗಿಯರು, ಕತ್ತಿ ಹಿರಿದ ರಾಜ. ಇಂದಿನ ಯಾವ ಭಯಾನಕ ಕಾದಂಬರಿಯಲ್ಲಿ ಇದಕ್ಕಿಂತ ಎದೆ ನಡುಗಿಸುವ ಆರಂಭವಿದೆ? ಹಿಟ್ಟಿನಿಂದ ಮಾಡಿದ ಕೋಳಿಯನ್ನು ಬಲಿಕೊಟ್ಟ ಪಾಪಕ್ಕೇ ತಾಯಿ ಮಕ್ಕಳು ಜನ್ಮಜನ್ಮಗಳಲ್ಲಿ ಪಶುಗಳಾಗಿ ಹುಟ್ಟಿ ಕೊಲ್ಲಲ್ಪಟ್ಟ ಕಥೆಯನ್ನು ಆ ಮಕ್ಕಳ ಬಾಯಿಂದ ಕೇಳಿ ಮಾರಿದತ್ತ ರಾಜನು ಕತ್ತಿಯನ್ನು ಕೆಳಗಿಡುತ್ತಾನೆ. ರನ್ನನಲ್ಲಿ ಭಯವು ಅಹಂಕಾರವನ್ನು ನಾಚಿಸುತ್ತದೆ. ಜನ್ನನಲ್ಲಿ ಭಯವು ಕೊಲೆಗಾರನನ್ನು ದಯಾಳುವನ್ನಾಗಿ ಮಾಡುತ್ತದೆ. ನಮ್ಮ ಓಣಿಯ ಭಯವಾದರೋ ದಿಕ್ಕಿಲ್ಲದ ಮುದುಕಿಯನ್ನು ಊರು ಬಿಡಿಸಿತು. ಈ ವ್ಯತ್ಯಾಸವನ್ನು ತಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದಕ್ಕೇ ಬರುತ್ತೇವೆ.

ಇಲ್ಲಿಯ ಹಲವರಿಗೆ ಭಯಾನಕದ ಮೊದಲ ರುಚಿ ಸಿಕ್ಕಿದ್ದು ಚಂದಮಾಮದಲ್ಲಿ. 1947ರಲ್ಲಿ ತೆಲುಗು, ತಮಿಳುಗಳಲ್ಲಿ ಹುಟ್ಟಿದ ಆ ಪತ್ರಿಕೆ 1949ರಿಂದ ಕನ್ನಡದಲ್ಲಿಯೂ ಹೊರಟಿತು. ಮುಂದೆ ಮರಾಠಿಯಲ್ಲಿ 'ಚಾಂದೋಬಾ' ಎಂಬ ಹೆಸರಿನಿಂದ ಬಂದುದೂ ಅದೇ ಪತ್ರಿಕೆ. ಹೆಣವನ್ನು ಹೆಗಲಿಗೆ ಹಾಕಿಕೊಂಡು ಸ್ಮಶಾನದಲ್ಲಿ ನಡೆಯುವ ವಿಕ್ರಮನ ಚಿತ್ರವನ್ನು ಬಿಡಿಸುತ್ತಿದ್ದ ಕಲಾವಿದ ಶಂಕರ್ ಅವರು 2020ರಲ್ಲಿ ತೀರಿಕೊಂಡಾಗ ಇಡೀ ಭಾರತ ತನ್ನ ಬಾಲ್ಯವನ್ನು ನೆನೆಯಿತು. ಬೇತಾಳನು ಸುಮ್ಮನೆ ಹೆದರಿಸುವ ದೆವ್ವವಲ್ಲ. ಕಥೆ ಹೇಳಿ ಪ್ರಶ್ನೆ ಕೇಳುತ್ತದೆ. ಉತ್ತರ ತಿಳಿದೂ ಹೇಳದಿದ್ದರೆ ತಲೆ ಸಾವಿರ ಹೋಳಾಗುವುದೆಂದು ಎಚ್ಚರಿಸುತ್ತದೆ. ಭಯದ ನಡುವೆಯೂ ವಿವೇಚನೆಯನ್ನು ಬಿಡಬೇಡ ಎಂಬ ಪಾಠ ಅದರಲ್ಲಿತ್ತು. ಆ ಪತ್ರಿಕೆ 2013ರಲ್ಲಿ ನಿಂತುಹೋದದ್ದು ನಮ್ಮಂಥ ಗಡಿಯ ಮನೆಗಳಿಗೆ ನಿಜವಾದ ನಷ್ಟ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಹಬ್ಬಿದ ಒಂದು ಸುದ್ದಿಯೂ ತಮಗೆ ನೆನಪಿರಬಹುದು. ರಾತ್ರಿಯ ಹೊತ್ತು ಒಂದು ಹೆಣ್ಣು ದೆವ್ವ ಪರಿಚಿತರ ಧ್ವನಿಯಲ್ಲಿ ಬಾಗಿಲ ಹೊರಗಿಂದ ಕರೆಯುತ್ತದೆ, ಓಗೊಟ್ಟವನು ಉಳಿಯುವುದಿಲ್ಲ ಎಂದು ಜನ ನಂಬಿದರು. ನಂಬಿ, ಬಾಗಿಲಿನ ಮೇಲೆ 'ನಾಳೆ ಬಾ' ಎಂದು ಬರೆದರು. ದೆವ್ವ ಅದನ್ನು ಓದಿ ಹಿಂದಿರುಗಬೇಕು, ಮರುದಿನ ಬಂದು ಮತ್ತೆ ಅದನ್ನೇ ಓದಬೇಕು! ಆ ಸುದ್ದಿಯನ್ನು ಕೇಳಿ ನಾವು ನಕ್ಕೆವು, ಆಮೇಲೆ ಯೋಚಿಸಿದೆವು. ಕನ್ನಡದ ದೆವ್ವಕ್ಕೂ ಕನ್ನಡ ಓದಲು ಬರುತ್ತದೆಂದು ಜನ ನಂಬಿದ್ದಾರೆ. ಹಾಗಿರುವಾಗ ನಮ್ಮ ಗಡಿಯ ಮಕ್ಕಳು ಕನ್ನಡ ಓದು ಬಿಟ್ಟರೆ ಹೇಗೆ?

ಈಗ ನೆರೆಮನೆಯನ್ನು ನೋಡೋಣ. 1956ರವರೆಗೆ ಉದಗೀರ, ನಿಲಂಗಾ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲಿದ್ದುವು. ರಾಜ್ಯಗಳ ಪುನರ್ವಿಂಗಡಣೆಯಿಂದ ಈಚೆಗೆ ಉಳಿದುವು. ಅಂದಿನಿಂದ ಮರಾಠಿಯೊಡನೆ ನಮ್ಮ ಒಡನಾಟ ಇನ್ನಷ್ಟು ಹೆಚ್ಚಿದೆ. ಅದು ನಮಗೆ ವೈರಿಯಲ್ಲ. ಓದಲು ಬಂದವರಿಗೆ ಅದು ಸಂಪತ್ತು. ಮರಾಠಿಗರು ಈ ಬಗೆಯ ಕಥೆಗಳನ್ನು ಹೇಗೆ ಬೆಳೆಸಿದ್ದಾರೆಂಬುದನ್ನು ಕಂಡರೆ ನಮಗೆ ಸಂತೋಷವೂ ಆಗುತ್ತದೆ, ಸ್ವಲ್ಪ ಹೊಟ್ಟೆಯುರಿಯೂ ಆಗುತ್ತದೆ. ಖಗೋಳ ವಿಜ್ಞಾನಿ ಜಯಂತ ನಾರಳೀಕರರು 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ 'ಕೃಷ್ಣವಿವರ' ಎಂಬ ಕಥೆಯನ್ನು ಬೇರೊಂದು ಹೆಸರಿನಿಂದ ಕಳುಹಿಸಿದರು. ತಮ್ಮ ಕೀರ್ತಿಯನ್ನು ನೋಡಿ ಬಹುಮಾನ ಕೊಡಬಾರದು, ಕಥೆಯನ್ನು ನೋಡಿ ಕೊಡಬೇಕು ಎಂಬುದು ಅವರ ಆಸೆ. ಕಥೆಗೆ ಮೊದಲ ಬಹುಮಾನ ಬಂದಿತು. ಅನಂತರ 'ಯಕ್ಷಾಂಚೀ ದೇಣಗೀ' ಮೊದಲಾದ ಪುಸ್ತಕಗಳು ಬಂದುವು. 2021ರಲ್ಲಿ ನಾಸಿಕದಲ್ಲಿ ನಡೆದ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಲಾಯಿತು. ವಿಜ್ಞಾನ ಕಥೆ ಬರೆದವರಿಗೆ ಒಂದು ಭಾಷೆ ಕೊಟ್ಟ ಮರ್ಯಾದೆ ಅದು. ಅದರ ಮರುಸಮ್ಮೇಳನವೇ 2022ರ ಏಪ್ರಿಲಿನಲ್ಲಿ ಕಥೆಗಾರ ಭಾರತ ಸಾಸಣೆಯವರ ಅಧ್ಯಕ್ಷತೆಯಲ್ಲಿ ನಮ್ಮ ಈ ಉದಗೀರದಲ್ಲಿ ನಡೆದದ್ದು. ನಾರಳೀಕರರು 2025ರ ಮೇ 20ರಂದು ತೀರಿಕೊಂಡರು.

ಭಯಾನಕದಲ್ಲಿಯೂ ಮರಾಠಿಗೆ ನಾರಾಯಣ ಧಾರಪ, ರತ್ನಾಕರ ಮತಕರಿ ಎಂಬ ಸಮರ್ಥರು ದೊರೆತರು. 2018ರಲ್ಲಿ ತೆರೆಕಂಡ 'ತುಂಬಾಡ' ಎಂಬ ಹಿಂದೀ ಚಿತ್ರಕ್ಕೆ ಧಾರಪರ ಕಥೆಯೊಂದು ಪ್ರೇರಣೆ. ಅಲ್ಲಿ ನಿಜವಾದ ದೆವ್ವ ನೆಲದೊಳಗೆ ಅಡಗಿದ್ದುದಲ್ಲ, ಚಿನ್ನಕ್ಕಾಗಿ ಮತ್ತೆ ಮತ್ತೆ ಅಲ್ಲಿಗೆ ಇಳಿಯುವ ಮನುಷ್ಯನ ಆಸೆಯೇ ದೆವ್ವ. ಇಂಥದನ್ನು ಒಳ್ಳೆಯ ಭಯಾನಕ ಎನ್ನಬೇಕು.

ಕನ್ನಡದಲ್ಲಿ ಏನಿದೆ ಎಂದು ಮಕ್ಕಳು ಕೇಳಿದರೆ ನಾವು ತಲೆ ತಗ್ಗಿಸಬೇಕಾಗಿಲ್ಲ. ಶಿವರಾಮ ಕಾರಂತರು ಒಬ್ಬರೇ ಕುಳಿತು ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನು ಬರೆದು, ಕನ್ನಡದಲ್ಲಿ ವಿಜ್ಞಾನವನ್ನು ಹೇಳಲಾಗದು ಎಂಬ ಮಾತಿಗೆ ಉತ್ತರ ಕೊಟ್ಟರು. ರಾಜಶೇಖರ ಭೂಸನೂರಮಠರು ವಿಜ್ಞಾನ ಕಥೆಯನ್ನೇ ತಮ್ಮ ಬರವಣಿಗೆಯ ಹೆದ್ದಾರಿಯನ್ನಾಗಿ ಮಾಡಿಕೊಂಡರು. 'ಮನು' ಎಂಬ ಹೆಸರಿನಿಂದ ಬರೆದ ಪಿ. ಎನ್. ರಂಗನ್ ಅವರ 'ಮಹಾಸಂಪರ್ಕ'ದಲ್ಲಿ ಮಹಾಭಾರತದ ಕಥೆಗೆ ಅನ್ಯಲೋಕದ ಜೀವಿಗಳ ಸಂಪರ್ಕ ಕಲ್ಪಿತವಾಗಿದೆ. ಕಲ್ಪನೆಯ ಆಟವೆಂದು ಓದಿದರೆ ಅದು ಬಹಳ ರಂಜಕ. ಅದನ್ನು ಓದಿ, 'ನಮ್ಮ ಹಿರಿಯರಿಗೆ ವಿಮಾನವೂ ಅಣುಬಾಂಬೂ ತಿಳಿದಿದ್ದುವು' ಎಂದು ಹೊರಟರೆ ಅದು ಓದುಗನ ತಪ್ಪು, ಲೇಖಕನದಲ್ಲ. ಪುಷ್ಪಕ ವಿಮಾನವನ್ನು ಕಲ್ಪಿಸಿದ ಕವಿಯ ಹಿರಿಮೆ ಕಲ್ಪಿಸಿದುದರಲ್ಲಿಯೇ ಇದೆ. ಅದಕ್ಕೆ ಕಾರಖಾನೆಯ ಸಾಕ್ಷ್ಯ ಬೇಕಾಗಿಲ್ಲ.

ಒಂದೇ ಪುಸ್ತಕವನ್ನು ಕೊಳ್ಳುವಷ್ಟು ಹಣವಿದ್ದರೆ ಯಾವುದನ್ನು ಕೊಳ್ಳಬೇಕು ಎಂದು ಕೇಳಿದರೆ, ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ 'ಕರ್ವಾಲೊ' ಎನ್ನುತ್ತೇವೆ. ಅದರಲ್ಲಿ ರಾಕೆಟ್ಟಿಲ್ಲ, ಯಂತ್ರಮಾನವನಿಲ್ಲ. ಮಲೆನಾಡಿನ ಕಾಡಿನಲ್ಲಿ ಹಾರುವ ಓತಿಯೊಂದನ್ನು ಹುಡುಕುತ್ತ ಹೊರಟ ವಿಜ್ಞಾನಿ, ಆತನಿಗೆ ದಾರಿ ತೋರಿಸುವ ಮಂದಣ್ಣನೆಂಬ ಹಳ್ಳಿಗ, ಜೊತೆಗೊಬ್ಬ ಬೇಸಾಯಗಾರ. ಊರಿನವರು ದಡ್ಡನೆಂದು ಬಗೆದ ಮಂದಣ್ಣನ ಕಣ್ಣೇ ಎಲ್ಲರಿಗಿಂತ ಚುರುಕು. ಕೊನೆಗೆ ಓತಿ ಕಣ್ಣಿಗೆ ಬೀಳುತ್ತದೆ, ಆದರೆ ಕೈಗೆ ಸಿಕ್ಕುವುದಿಲ್ಲ. ಕಣಿವೆಯ ಶೂನ್ಯಕ್ಕೆ ಹಾರಿ ಮರೆಯಾಗುತ್ತದೆ. ವಿಜ್ಞಾನವೆಂದರೆ ಪರೀಕ್ಷೆಯ ಉತ್ತರವಲ್ಲ, ನೋಡುವ ಕಣ್ಣು ಎಂಬುದನ್ನು ಇಷ್ಟು ಸರಳವಾಗಿ ಕಲಿಸುವ ಪುಸ್ತಕವನ್ನು ನಾವು ಬೇರೆ ಕಂಡಿಲ್ಲ. ದೊಡ್ಡವರಿಗಾದರೆ ಎಸ್. ಎಲ್. ಭೈರಪ್ಪನವರ 2014ರ 'ಯಾನ'ವಿದೆ. ಒಬ್ಬ ಗಂಡಸನ್ನೂ ಒಬ್ಬ ಹೆಂಗಸನ್ನೂ ಹೊತ್ತ ನೌಕೆ ಸೂರ್ಯಮಂಡಲವನ್ನು ದಾಟಿ ಹೊರಡುತ್ತದೆ. ಅದರೊಳಗೆ ಹುಟ್ಟಿದ ಮಕ್ಕಳು ಭೂಮಿಯನ್ನು ಕಂಡವರೇ ಅಲ್ಲ. ಆ ಭಾಗವನ್ನು ಓದುವಾಗ ನಮಗೆ ನಮ್ಮ ಮನೆಗಳೇ ನೆನಪಾದುವು. ಬೆಂಗಳೂರನ್ನು ಕಾಣದ, ಧಾರವಾಡವನ್ನು ಕಾಣದ ನಮ್ಮ ಮಕ್ಕಳೂ ಕನ್ನಡ ನಾಡನ್ನು ಬರಹದಲ್ಲಿಯೇ ಕಾಣಬೇಕಾದವರಲ್ಲವೇ?

ಎಲ್ಲ ಪುಸ್ತಕಗಳನ್ನೂ ನಾವು ಹೊಗಳುವುದಿಲ್ಲ. ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ 'ತುಳಸೀದಳ'ವನ್ನು ಕನ್ನಡಿಗರು ಮುಗಿಬಿದ್ದು ಓದಿದರು. 1985ರಲ್ಲಿ ಅದು ಕನ್ನಡದಲ್ಲಿ ಚಲನಚಿತ್ರವೂ ಆಯಿತು. ಕೈಗೆತ್ತಿಕೊಂಡರೆ ಕೆಳಗಿಡಲು ಬಿಡದ ಬರವಣಿಗೆ ಅದು, ಸಂದೇಹವಿಲ್ಲ. ಆದರೆ ಒಂದು ಮಗುವಿನ ಮೇಲೆ ಮಾಟ ಮಾಡಿಸಿದ ಆ ಕಥೆಯಲ್ಲಿ ವೈದ್ಯವನ್ನೂ ಮಂತ್ರವನ್ನೂ ಸಮಬಲರೆಂಬಂತೆ ಎದುರುಬದುರು ನಿಲ್ಲಿಸಲಾಗಿದೆ. ಭಾನಾಮತಿಯ ನಂಬಿಕೆ ಇನ್ನೂ ಉಸಿರಾಡುತ್ತಿರುವ ನಮ್ಮ ಸೀಮೆಯಲ್ಲಿ ಅಂಥದನ್ನು ಬುದ್ಧಿ ಬಲಿತವರು ಓದಲಿ. ಮಕ್ಕಳ ಕೈಗೆ ಕೊಡುವ ಮೊದಲು ಹತ್ತು ಸಲ ಯೋಚಿಸಬೇಕು.

ಹಾಗಾದರೆ ಪುಸ್ತಕವನ್ನು ಆರಿಸುವುದು ಹೇಗೆ? ನಾವು ಮೂರು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇವೆ. ವಿಜ್ಞಾನ ಕಥೆಯಾದರೆ, ಲೇಖಕನು ಒಂದು ಸುಳ್ಳನ್ನು ಕಲ್ಪಿಸಿಕೊಂಡು ಉಳಿದುದೆಲ್ಲವನ್ನೂ ನಿಯಮಕ್ಕೆ ತಕ್ಕಂತೆ ನಡೆಸುತ್ತಾನೆಯೇ, ಅಥವಾ ಕಷ್ಟ ಬಂದಾಗಲೆಲ್ಲ ಹೊಸ ಸುಳ್ಳು ಹೇಳುತ್ತಾನೆಯೇ? ಇದು ಮೊದಲನೆಯದು. ಭಯಾನಕ ಕಥೆಯಾದರೆ, ರಕ್ತವನ್ನು ಚೆಲ್ಲಿ ಹೆದರಿಸುತ್ತಾನೆಯೇ, ಅಥವಾ ನಮ್ಮೊಳಗಿನ ಆಸೆ, ಅಸೂಯೆ, ಪಶ್ಚಾತ್ತಾಪಗಳಿಗೆ ಕನ್ನಡಿ ಹಿಡಿದು ಹೆದರಿಸುತ್ತಾನೆಯೇ? ಇದು ಎರಡನೆಯದು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಈ ಕಥೆಯಲ್ಲಿ ಯಾರನ್ನು ದೆವ್ವ ಮಾಡಲಾಗಿದೆ? ರನ್ನನ ಮರುಳುಗಳಂತೆ ಬಲಿಷ್ಠನನ್ನು ನಡುಗಿಸುವ ಕಥೆಯೋ, ವಿಧವೆಯನ್ನು, ಬಡವನನ್ನು, ಹೊರಗಿನವನನ್ನು ರಾಕ್ಷಸನೆಂದು ತೋರಿಸಿ ಊರಿನಿಂದ ಓಡಿಸುವ ಕಥೆಯೋ? ಎರಡನೆಯದಾದರೆ ಅದು ಎಷ್ಟೇ ಚೆನ್ನಾಗಿ ಬರೆದಿದ್ದರೂ ನಮ್ಮ ಕಪಾಟಿಗೆ ಬೇಡ.

ಇಂಥ ಪುಸ್ತಕಗಳಿಂದ ಮಕ್ಕಳು ರಾತ್ರಿ ಹೆದರುವುದಿಲ್ಲವೇ ಎಂದು ತಾಯಂದಿರು ಕೇಳುತ್ತಾರೆ. ಹೆದರುತ್ತಾರೆ, ನಿಜ. ಆದರೆ ಪುಸ್ತಕದ ದೆವ್ವಕ್ಕೆ ಒಂದು ಗುಣವಿದೆ. ಪುಸ್ತಕವನ್ನು ಮುಚ್ಚಿದರೆ ಅದು ಮಲಗುತ್ತದೆ. ಇದು ಒಬ್ಬರು ಕುಳಿತು ಹೆಣೆದ ಭಯ, ಇಂಥ ಪುಟದಲ್ಲಿ ಆರಂಭವಾಗಿ ಇಂಥ ಪುಟದಲ್ಲಿ ಮುಗಿಯುತ್ತದೆ, ಎಂದು ತಿಳಿದ ಮಗು ಹೊರಗಿನ ಭಯವನ್ನೂ ಹಾಗೆಯೇ ಪರೀಕ್ಷಿಸಲು ಕಲಿಯುತ್ತದೆ. ಕಾನನ್ ಡಾಯ್ಲ್ 1902ರಲ್ಲಿ ಪುಸ್ತಕವಾಗಿ ತಂದ ಬಾಸ್ಕರ್‌ವಿಲ್ಲಿನ ಬೇಟೆನಾಯಿಯ ಕಥೆಯಲ್ಲಿ ಬೆಂಕಿಯು ಉರಿಯುವ ಬಾಯಿಯ ಪಿಶಾಚಿ ನಾಯಿಯೊಂದು ಒಂದು ಮನೆತನವನ್ನೇ ನಡುಗಿಸುತ್ತದೆ. ಕೊನೆಗೆ ನೋಡಿದರೆ ಅದು ಬರಿಯ ನಾಯಿ. ಮುಸುಡಿಗೆ ರಂಜಕ ಬಳಿದು ಛೂ ಬಿಟ್ಟವನು ಆಸ್ತಿಯ ಆಸೆಯ ಒಬ್ಬ ಮನುಷ್ಯ. ಆ ಒಂದು ಕಥೆಯನ್ನು ಆ ಬೇಸಗೆಗೆ ಮೊದಲು ಯಾರಾದರೂ ನಮ್ಮ ಓಣಿಯಲ್ಲಿ ಕನ್ನಡದಲ್ಲಿ ಓದಿ ಹೇಳಿದ್ದರೆ, 'ಕಲ್ಲು ಯಾವ ದಿಕ್ಕಿನಿಂದ ಬರುತ್ತದೆ, ನೋಡಿ ಬರೋಣ' ಎಂದು ಒಬ್ಬ ಹುಡುಗನಾದರೂ ಹುಣಸೆಯ ಮರದ ಹಿಂದೆ ಹೋಗುತ್ತಿದ್ದನೋ ಏನೋ.

ಡಾ. ನರೇಂದ್ರ ದಾಭೋಳಕರರೂ ಅವರ ಸಂಗಡಿಗರೂ ಮಹಾರಾಷ್ಟ್ರದ ಹಳ್ಳಿಗಳಿಗೆ ಹೋಗಿ ಮಾಡಿದ್ದು ಇದನ್ನೇ: ಭಾನಾಮತಿಯ ಕಲ್ಲಿನ ಹಿಂದೆ ಇರುವ ಮನುಷ್ಯನ ಕೈಯನ್ನು ಹುಡುಕಿ ತೋರಿಸಿದರು. 2013ರ ಆಗಸ್ಟ್ 20ರಂದು ಅವರ ಕೊಲೆಯಾಯಿತು. ಅದೇ ವರ್ಷ ಮಹಾರಾಷ್ಟ್ರದಲ್ಲಿ ಅಮಾನುಷ ಆಚರಣೆಗಳ ಮತ್ತು ಮಾಟದ ವಿರುದ್ಧ ಕಾಯಿದೆ ಬಂದಿತು. ಕರ್ನಾಟಕದ 2017ರ ಕಾಯಿದೆ 2020ರಲ್ಲಿ ಜಾರಿಗೆ ಬಂದಿತು. ಗಡಿಯ ಎರಡೂ ಕಡೆ ಕಾಯಿದೆಯಿದೆ. ಆದರೆ ಕಾಯಿದೆ ಪೋಲೀಸು ಠಾಣೆಯಲ್ಲಿರುತ್ತದೆ, ಭಯ ಅಡುಗೆಮನೆಯಲ್ಲಿರುತ್ತದೆ. ಅಡುಗೆಮನೆಯವರೆಗೆ ಹೋಗಬಲ್ಲುದು ಮನೆಮಾತಿನ ಕಥೆಯೊಂದೇ.

ಈ ಮಾತಿಗೆ ನಮ್ಮ ಸೀಮೆಯ ದೊಡ್ಡ ದುಃಖವೊಂದು ಸಾಕ್ಷಿಯಾಗಿದೆ. 1993ರ ಸೆಪ್ಟೆಂಬರ್ 30, ಗಣೇಶ ವಿಸರ್ಜನೆಯ ಮರುದಿನದ ಬೆಳಗಿನ ಜಾವ, ನಾಲ್ಕು ಗಂಟೆಗೆ ಇನ್ನೂ ನಾಲ್ಕು ನಿಮಿಷವಿರುವಾಗ, ಕಿಲ್ಲಾರಿಯ ಭೂಮಿ ನಡುಗಿತು. ಔಸಾ, ಉಮರ್ಗಾ ಕಡೆಯ ಹಳ್ಳಿಗಳು ನೆಲಸಮವಾದುವು. ಸಾವಿರಾರು ಜನ ನಿದ್ದೆಯಲ್ಲಿಯೇ ಮಣ್ಣುಪಾಲಾದರು. ಅನಂತರದ ದಿನಗಳಲ್ಲಿ ಹೊರಗೆ ಮಲಗಿ ರಾತ್ರಿ ಕಳೆದವರು ಈ ಸಭೆಯಲ್ಲಿಯೂ ಇದ್ದೀರಿ. 'ಯಾರ ಪಾಪ ಇದು? ಯಾವ ದೇವರ ಕೋಪ?' ಎಂಬ ಪಿಸುಮಾತುಗಳನ್ನು ನಾವೂ ಕೇಳಿದೆವು. ದಖ್ಖನದ ಕಲ್ಲುನೆಲ ಅಲುಗದೆಂದು ವಿಜ್ಞಾನಿಗಳೂ ಭಾವಿಸಿದ್ದರು. ಅವರ ಎಣಿಕೆಯೂ ತಪ್ಪಿತು. ಆದರೆ ವಿಜ್ಞಾನ ತನ್ನ ತಪ್ಪನ್ನು ಒಪ್ಪಿಕೊಂಡು ಮತ್ತೆ ಹುಡುಕಿತು. ಇಷ್ಟು ಜನ ಸತ್ತದ್ದೇಕೆ ಎಂಬುದಕ್ಕೆ ಉತ್ತರವನ್ನೂ ಹೇಳಿತು: ಮಣ್ಣಿನಲ್ಲಿ ಕಟ್ಟಿದ, ಒಂದಕ್ಕೊಂದು ಬಿಗಿದಿಲ್ಲದ ದಪ್ಪ ಕಲ್ಲಿನ ಗೋಡೆಗಳು, ಅವುಗಳ ಮೇಲೆ ಮಣ್ಣಿನ ಭಾರವಾದ ಮಾಳಿಗೆ. ಪಾಪವನ್ನು ಹುಡುಕಿದವರು ಮನುಷ್ಯರನ್ನು ದೂರುತ್ತಾರೆ. ಗೋಡೆಯನ್ನು ನೋಡಿದವರು ಮುಂದಿನ ಮನೆಯನ್ನು ಭದ್ರವಾಗಿ ಕಟ್ಟುತ್ತಾರೆ. ಭಯಪಡುವುದು ತಪ್ಪಲ್ಲ. ಭಯಪಟ್ಟ ಮೇಲೆ ಯಾವ ಪ್ರಶ್ನೆ ಕೇಳುತ್ತೇವೆ ಎಂಬುದರಲ್ಲಿ ನಮ್ಮ ಪರೀಕ್ಷೆಯಿದೆ.

ಆದಕಾರಣ ಸಂಘದ ಹಿರಿಯರಲ್ಲಿ ನಮ್ಮ ಒಂದು ಬಿನ್ನಹ. ನಮ್ಮ ಗಡಿಯ ಮನೆಗಳಲ್ಲಿ ಕನ್ನಡವು ದೇವರ ಕೋಣೆಯ ರೇಷ್ಮೆಯ ಸೀರೆಯಂತಾಗಿದೆ. ಭಜನೆಗೆ, ವಚನ ಪಠನಕ್ಕೆ, ರಾಜ್ಯೋತ್ಸವಕ್ಕೆ ಹೊರತೆಗೆದು, ಮತ್ತೆ ಮಡಿಸಿಡುತ್ತೇವೆ. ರೇಷ್ಮೆ ಇರಲಿ, ಆದರೆ ದಿನವೂ ಉಡುವ ಸೀರೆಯೂ ಬೇಕಲ್ಲವೇ? ಮಕ್ಕಳು ನಗುವುದು, ಬೆರಗಾಗುವುದು, ಹೊದಿಕೆಯೊಳಗೆ ನಡುಗುವುದು ಕನ್ನಡದಲ್ಲಿಯೇ ಆಗದಿದ್ದರೆ ಆ ಭಾಷೆ ಅವರಿಗೆ ಮುಂದೆ ಮರ್ಯಾದೆಯ ಭಾಷೆಯಾಗಿ ಉಳಿದೀತು, ಜೀವದ ಭಾಷೆಯಾಗಿ ಉಳಿಯದು. ಸಂಘದ ವಾಚನಾಲಯದಲ್ಲಿ ಒಂದೇ ಒಂದು ಕಪಾಟು ಇಂಥ ಪುಸ್ತಕಗಳಿಗೆ ಮೀಸಲಾಗಲಿ. ತಿಂಗಳಿಗೊಮ್ಮೆ, ಅಮಾವಾಸ್ಯೆಯ ಸಂಜೆಯೇ ಆಗಲಿ, ಹಿರಿಯರೊಬ್ಬರು ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಒಂದು ಅದ್ಭುತ ಕಥೆಯನ್ನೋ ಭಯಾನಕ ಕಥೆಯನ್ನೋ ಗಟ್ಟಿಯಾಗಿ ಓದಲಿ. ಓದಿದ ಮೇಲೆ ಬೇತಾಳನಂತೆ ಪ್ರಶ್ನೆ ಕೇಳಲಿ: ಇದು ಹೀಗೇಕಾಯಿತು? ಬೇರೆ ಕಾರಣ ಇರಬಹುದೇ? ಇಲ್ಲಿ ಯಾರಿಗೆ ಅನ್ಯಾಯವಾಯಿತು? ನಾರಳೀಕರರ ಕಥೆಗಳನ್ನು ಮರಾಠಿ ಬಲ್ಲ ನಮ್ಮ ತರುಣರು ಬಾಯಿಮಾತಿನಲ್ಲಿ ಕನ್ನಡಕ್ಕೆ ಇಳಿಸಿ ಹೇಳಲಿ. ಎರಡು ಭಾಷೆ ಬಲ್ಲ ಗಡಿಯವರಿಗಲ್ಲದೆ ಆ ಕೆಲಸ ಇನ್ನಾರಿಗೆ ಸುಲಭ?

ಆ ಅಜ್ಜಿ ಈಗ ಇಲ್ಲ. ಆಕೆ ಎಲ್ಲಿ ಹೋದಳು, ಎಷ್ಟು ದಿನ ಬದುಕಿದಳು ಎಂದು ವಿಚಾರಿಸುವಷ್ಟು ದೊಡ್ಡವರು ನಾವಾಗುವ ಹೊತ್ತಿಗೆ ವಿಚಾರಿಸಲು ಯಾರೂ ಉಳಿದಿರಲಿಲ್ಲ. ನಮ್ಮ ಅಂಗೈಗೆ ಆಕೆ ಹಾಕಿದ ಬೆಲ್ಲದ ಸಾಲ ತೀರುವಂಥದಲ್ಲ. ಆದರೆ ನಮ್ಮ ಮಾತನ್ನು ಕೇಳಿದ ಈ ಮಕ್ಕಳಲ್ಲಿ ಒಬ್ಬರಾದರೂ, ಇನ್ನೊಮ್ಮೆ ಎಲ್ಲಾದರೂ ಮಾಳಿಗೆಯ ಮೇಲೆ ಕಲ್ಲು ಬಿದ್ದಾಗ, ಓಣಿಯ ಕೊನೆಯ ಮನೆಯ ಕಡೆಗೆ ಬೆರಳು ಮಾಡದೆ ಮೊದಲು ಹುಣಸೆಯ ಮರದ ಹಿಂದೆ ಹೋಗಿ ನೋಡಿದರೆ, ಬಡ್ಡಿಯಲ್ಲಿ ಸ್ವಲ್ಪವಾದರೂ ಸಂದಾಯವಾಯಿತೆಂದು ತಿಳಿಯುತ್ತೇವೆ.